‘ಸರ್ವರ್ ಇಲ್ಲ’ ಅಂದರೆ ನಂಬರ್ ಕೇಳಿ

ಅಡಿಕೆ ಕೊಯ್ಲು ಬಿಟ್ಟು, ಇಸಿ ತೆಗೆಸಲು ಚನ್ನಗಿರಿ ಬಸ್ ಹತ್ತಿದವರಿಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅಂದರೆ ಒಂದು ದಿನದ ಕೂಲಿ ಹೋದಂತೆ.

ಸರ್ವರ್ ಮೂಗನಲ್ಲ. ತನಗೆ ಬಂದ ಕೋರಿಕೆಗಳನ್ನು ಲಾಗ್ ಎಂಬ ಕಡತದಲ್ಲಿ ಸಾಲುಸಾಲಾಗಿ ಬರೆದಿಡುತ್ತದೆ: ಯಾವ ಐಪಿ ವಿಳಾಸ, ಎಷ್ಟು ಹೊತ್ತಿಗೆ, ಏನು ಕೇಳಿತು, ಜೊತೆಗೊಂದು ನಂಬರ್. 404 ಇದ್ದರೆ ಕೇಳಿದ ಪುಟ ಅಲ್ಲಿಲ್ಲ. 500 ಇದ್ದರೆ ತಪ್ಪು ಸರ್ವರ್ ಒಳಗಿನದು. 503 ಅಂದರೆ ಹೊರೆ ಹೆಚ್ಚಿರಬಹುದು, ರಿಪೇರಿಯೂ ನಡೆದಿರಬಹುದು. ಸಾಲೇ ಇಲ್ಲವೇ? ಕೋರಿಕೆ ಅಲ್ಲಿಗೆ ಮುಟ್ಟಿಯೇ ಇಲ್ಲ, ಮೊದಲು ಕಚೇರಿಯ ನೆಟ್ ನೋಡಿ.

2025ರ ಜನವರಿಯಲ್ಲಿ ಕಾವೇರಿ 2.0 ಮೇಲೆ ದಾಳಿಯಾದಾಗ ಎರಡು ಗಂಟೆಯಲ್ಲಿ 6.2 ಲಕ್ಷ ಕಿಡಿಗೇಡಿ ಕೋರಿಕೆಗಳು, 14 ಐಪಿ ವಿಳಾಸಗಳು ಎಂದು ಲೆಕ್ಕ ಸಿಕ್ಕಿತು. ಅದು ಊಹೆಯಿಂದ ಬರುವ ಲೆಕ್ಕವಲ್ಲ.

ಲಾಗ್ ನಮಗೆ ತೋರಿಸಬೇಕಿಲ್ಲ, ತೋರಿಸಲೂಬಾರದು. ಪರದೆಯಲ್ಲಿ ಕಂಡ ನಂಬರ್ ಮತ್ತು ಹೊತ್ತನ್ನು ಒಂದು ಚೀಟಿಯಲ್ಲಿ ಬರೆದುಕೊಡಲಿ, ಸಾಕು. ಆ ಹೊತ್ತು ಹಿಡಿದು ಹುಡುಕಿದರೆ ತಪ್ಪು ಎಲ್ಲಿಯದೆಂದು ಹೇಳುವುದು ಅವರಿಗೆ ಕಷ್ಟವೇನಲ್ಲ.