ಹೊಲಕ್ಕೆ ಇಳಿಯುವ ಮುನ್ನ ಆಗಬೇಕಾದ ಸಮಾಲೋಚನೆ: ಕೃಷಿ ಸಂಶೋಧನೆಯ ನೈತಿಕ ಹೊಣೆ ಮತ್ತು ರೈತರ ಪಾತ್ರ

ಕುಲಾಂತರಿ ಸಾಸಿವೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು 2024ರ ಜುಲೈ 23ರಂದು ಭಿನ್ನ ತೀರ್ಪು ನೀಡಿತು. ದೆಹಲಿ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿಪಡಿಸಲಾದ ಡಿಎಂಎಚ್-11 ಎಂಬ ಸಾಸಿವೆ ಸಂಕರಣ ತಳಿಯನ್ನು ಪರಿಸರಕ್ಕೆ ಬಿಡುಗಡೆ ಮಾಡಲು 2022ರ ಅಕ್ಟೋಬರ್‌ನಲ್ಲಿ ನೀಡಿದ್ದ ಅನುಮೋದನೆಯನ್ನು ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು ರದ್ದುಗೊಳಿಸಿದರೆ, ನ್ಯಾಯಮೂರ್ತಿ ಸಂಜಯ್ ಕರೋಲ್ ಅವರು ಅದನ್ನು ಎತ್ತಿಹಿಡಿದರು. ಅನುಮೋದನೆಯ ವಿಷಯದಲ್ಲಿ ಭಿನ್ನಾಭಿಪ್ರಾಯವಿದ್ದರೂ ಒಂದು ಅಂಶದಲ್ಲಿ ಇಬ್ಬರೂ ಸಹಮತ ವ್ಯಕ್ತಪಡಿಸಿದರು. ಕುಲಾಂತರಿ ಬೆಳೆಗಳ ಕುರಿತು ಕೇಂದ್ರ ಸರ್ಕಾರವು ರಾಷ್ಟ್ರೀಯ ನೀತಿಯೊಂದನ್ನು ರೂಪಿಸಬೇಕು. ಅದಕ್ಕೆ ಮೊದಲು ತಜ್ಞರು, ರಾಜ್ಯ ಸರ್ಕಾರಗಳು ಮತ್ತು ರೈತರ ಪ್ರತಿನಿಧಿಗಳೊಡನೆ ಸಮಾಲೋಚನೆ ನಡೆಸಬೇಕು ಎಂಬುದೇ ಆ ಅಂಶ.

ಸಾಸಿವೆ ನಮ್ಮ ರಾಜ್ಯದ ಪ್ರಮುಖ ಬೆಳೆಯಲ್ಲ. ಆದರೆ ಈ ನಿರ್ದೇಶನದ ಹಿಂದಿರುವ ಪ್ರಶ್ನೆ ಕರ್ನಾಟಕದ ರೈತರಿಗೆ ಹೊಸದೇನೂ ಅಲ್ಲ. ಹೊಸ ತಂತ್ರಜ್ಞಾನವೊಂದು ಹೊಲಕ್ಕೆ ಬರುವಾಗ ರೈತನ ಅಭಿಪ್ರಾಯವನ್ನು ಯಾವ ಹಂತದಲ್ಲಿ ಕೇಳಬೇಕು? ಕೇಳಿದ ಮಾತಿಗೆ ಉತ್ತರ ಕೊಡುವ ಹೊಣೆ ಯಾರದು? ಹತ್ತಿ, ಬದನೆ ಮತ್ತು ಭತ್ತ ಈ ಮೂರು ಬೆಳೆಗಳ ಅನುಭವದ ಹಿನ್ನೆಲೆಯಲ್ಲಿ ಇದನ್ನು ಪರಿಶೀಲಿಸುವುದು ಉಚಿತ.

ಹತ್ತಿ: ಮಾಹಿತಿ ತಲುಪದಿದ್ದುದರ ಬೆಲೆ

ಬಿಟಿ ಹತ್ತಿಯ ಕ್ಷೇತ್ರ ಪ್ರಯೋಗಗಳು ನಡೆಯುತ್ತಿದ್ದಾಗ, 1998ರ ನವೆಂಬರ್‌ನಲ್ಲಿ, ಕರ್ನಾಟಕ ರಾಜ್ಯ ರೈತ ಸಂಘವು ರಾಯಚೂರು ಜಿಲ್ಲೆಯ ಸಿಂಧನೂರು ಭಾಗದಲ್ಲಿ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟಿತು. ಪ್ರೊ. ಎಂ. ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ಆ ಚಳವಳಿಯ ಬಗೆಗೆ ಭಿನ್ನ ಅಭಿಪ್ರಾಯಗಳಿರಬಹುದು. ಆದರೆ ಸಂಘದ ಆಕ್ಷೇಪಣೆಗಳಲ್ಲಿ ಒಂದು ಇಂದಿಗೂ ಗಮನಾರ್ಹವಾಗಿದೆ. ತನ್ನ ಹೊಲದಲ್ಲಿ ಬೆಳೆಯುತ್ತಿರುವುದು ಏನೆಂಬುದನ್ನು ಪ್ರಯೋಗಕ್ಕೆ ಭೂಮಿ ಕೊಟ್ಟ ರೈತನಿಗೇ ಸರಿಯಾಗಿ ತಿಳಿಸಿರಲಿಲ್ಲ ಎಂಬುದೇ ಆ ಆಕ್ಷೇಪಣೆ. ಮನುಷ್ಯರ ಮೇಲಿನ ವೈದ್ಯಕೀಯ ಪ್ರಯೋಗದಲ್ಲಿ ಭಾಗಿಯಾಗುವವರಿಂದ, ವಿಷಯವನ್ನೆಲ್ಲ ತಿಳಿಸಿದ ಬಳಿಕ, ಲಿಖಿತ ಒಪ್ಪಿಗೆ ಪಡೆಯುವುದು ಕಡ್ಡಾಯ. ಒಂದು ಕುಟುಂಬದ ವರ್ಷದ ಆದಾಯವನ್ನೇ ಪಣಕ್ಕಿಡುವ ಹೊಲದ ಪ್ರಯೋಗಕ್ಕೂ ಇದೇ ನಿಯಮ ಅನ್ವಯಿಸಬೇಕಾದುದು ನ್ಯಾಯ.

2002ರ ಮಾರ್ಚ್‌ನಲ್ಲಿ ಬಿಟಿ ಹತ್ತಿಗೆ ವಾಣಿಜ್ಯ ಅನುಮತಿ ದೊರೆಯಿತು. ಹಸಿರು ಕಾಯಿಕೊರಕದ ಹಾವಳಿ ತಗ್ಗಿದ್ದರಿಂದ ರೈತರು ಅದನ್ನು ಬಹುಬೇಗ ಸ್ವೀಕರಿಸಿದರು. ಅನುಮತಿಯೊಡನೆ ಒಂದು ಷರತ್ತೂ ಇತ್ತು. ಹೊಲದ ಸುತ್ತ ಕನಿಷ್ಠ ಐದು ಸಾಲು ಅಥವಾ ಒಟ್ಟು ಕ್ಷೇತ್ರದ ಶೇ. 20ರಷ್ಟು ಭಾಗದಲ್ಲಿ ಬಿಟಿ ಅಲ್ಲದ ಹತ್ತಿಯನ್ನು ಆಶ್ರಯ ಬೆಳೆಯಾಗಿ ಬೆಳೆಯಬೇಕಿತ್ತು. ಅದಕ್ಕಾಗಿ 450 ಗ್ರಾಂ ಬಿಟಿ ಬೀಜದೊಡನೆ 120 ಗ್ರಾಂ ಸಾಮಾನ್ಯ ಬೀಜದ ಪ್ರತ್ಯೇಕ ಪೊಟ್ಟಣವನ್ನೂ ಕೊಡಲಾಗುತ್ತಿತ್ತು.

ಇದರ ಹಿಂದಿನ ತತ್ವ ಸರಳವಾದುದು. ಬಿಟಿ ವಿಷವನ್ನು ತಾಳಿಕೊಂಡು ಬದುಕುಳಿಯುವ ಕೆಲವೇ ಹುಳುಗಳು ತಮ್ಮತಮ್ಮೊಳಗೆ ಕೂಡಿದರೆ ಅವುಗಳ ಸಂತತಿಯೂ ನಿರೋಧಕವಾಗುತ್ತದೆ. ಆಶ್ರಯ ಬೆಳೆಯಲ್ಲಿ ಬೆಳೆದ ಸಾಮಾನ್ಯ ಹುಳುಗಳೊಡನೆ ಅವು ಕೂಡಿದರೆ ನಿರೋಧಕ ಗುಣವು ಬೇಗನೆ ಹರಡುವುದಿಲ್ಲ. ಆದರೆ ಬಹುಪಾಲು ರೈತರಿಗೆ ಪೊಟ್ಟಣ ತಲುಪಿತೇ ಹೊರತು ಅದರ ಕಾರಣ ತಲುಪಲಿಲ್ಲ. ಸಣ್ಣ ಹಿಡುವಳಿಯಲ್ಲಿ ಐದನೆಯ ಒಂದು ಭಾಗವನ್ನು ಹುಳುವಿಗೆ ಬಿಡಬೇಕೆಂದರೆ ಯಾವ ರೈತನೂ ಹಿಂಜರಿಯುವುದು ಸಹಜ. ಆ ನಷ್ಟವನ್ನು ಯಾರು ಭರಿಸಬೇಕೆಂಬ ಪ್ರಶ್ನೆಯೂ ಚರ್ಚೆಗೆ ಬರಲಿಲ್ಲ. ಆಶ್ರಯ ಬೆಳೆಯ ಶಿಫಾರಸು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. ದೀರ್ಘಾವಧಿ ಸಂಕರಣ ತಳಿಗಳ ವ್ಯಾಪಕ ಬಳಕೆಯಂತಹ ಇತರ ಕಾರಣಗಳೂ ಸೇರಿ, 2014-15ರ ವೇಳೆಗೆ ಗುಲಾಬಿ ಕಾಯಿಕೊರಕವು ಎರಡು ಜೀನ್‌ಗಳ ಬಿಟಿ ಹತ್ತಿಯನ್ನೂ ಜಯಿಸಿತು. ಸಮಾಲೋಚನೆಯೆಂಬುದು ಕೇವಲ ಸೌಜನ್ಯವಲ್ಲ, ತಂತ್ರಜ್ಞಾನದ ಬಾಳಿಕೆಯೇ ಅದನ್ನು ಅವಲಂಬಿಸಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಬದನೆ: ಕೊನೆಯ ಹಂತದಲ್ಲಿ ಕೇಳಿದ ಅಭಿಪ್ರಾಯ

ಕಾಯಿ ಮತ್ತು ಕುಡಿ ಕೊರಕದ ವಿರುದ್ಧ ರೂಪಿಸಿದ ಬಿಟಿ ಬದನೆಗೆ ಜೆನೆಟಿಕ್ ಎಂಜಿನಿಯರಿಂಗ್ ಅನುಮೋದನಾ ಸಮಿತಿಯು 2009ರ ಅಕ್ಟೋಬರ್ 14ರಂದು ಒಪ್ಪಿಗೆ ಸೂಚಿಸಿತು. ಆ ನಂತರವೇ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಅವರು ದೇಶದ ಏಳು ನಗರಗಳಲ್ಲಿ ಸಾರ್ವಜನಿಕ ಸಮಾಲೋಚನೆ ನಡೆಸಿದರು. ಕೊನೆಯ ಸಭೆ 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಜರುಗಿತು. ಮೂರು ದಿನಗಳ ಬಳಿಕ, ಫೆಬ್ರವರಿ 9ರಂದು, ಬಿಟಿ ಬದನೆಯ ಬಿಡುಗಡೆಗೆ ತಡೆ ಘೋಷಿಸಲಾಯಿತು. ವಿಜ್ಞಾನಿಗಳಲ್ಲಿ ಒಮ್ಮತವಿಲ್ಲದಿರುವುದು, ಹಲವು ರಾಜ್ಯ ಸರ್ಕಾರಗಳ ಆಕ್ಷೇಪಣೆ, ಸ್ವತಂತ್ರ ಪರೀಕ್ಷೆಗಳ ಅಗತ್ಯ ಮುಂತಾದ ಕಾರಣಗಳನ್ನು ನೀಡಲಾಗಿತ್ತು.

ಆ ಸಭೆಗಳಲ್ಲಿ ಸಾವಿರಾರು ಜನ ಭಾಗವಹಿಸಿದ್ದು ಶ್ಲಾಘನೀಯ. ಆದರೆ ವರ್ಷಗಟ್ಟಲೆ ನಡೆದ ಸಂಶೋಧನೆ ಮುಗಿದು ಅನುಮೋದನೆಯೂ ಸಿಕ್ಕ ಮೇಲೆ ಮೊದಲ ಬಾರಿಗೆ ಜನಾಭಿಪ್ರಾಯ ಕೇಳಿದಾಗ, ‘ಬೇಕು’ ಅಥವಾ ‘ಬೇಡ’ ಎಂಬ ಎರಡೇ ಉತ್ತರಗಳು ಉಳಿದಿದ್ದವು. ಯಾವ ತಳಿಗೆ, ಯಾವ ಪ್ರದೇಶಕ್ಕೆ, ಬೀಜದ ಹಕ್ಕು ಯಾರಿಗೆ, ಪರ್ಯಾಯ ಕ್ರಮಗಳೇನು ಎಂಬ ಮಧ್ಯದ ಪ್ರಶ್ನೆಗಳಿಗೆ ಅವಕಾಶ ತೀರಾ ಕಡಿಮೆಯಿತ್ತು. ಸಭಾಂಗಣಗಳಲ್ಲಿ ವಾದ ಕಾವೇರಿದ್ದು ಜನರ ಅಜ್ಞಾನದಿಂದ ಎನ್ನುವುದಕ್ಕಿಂತ, ಅವರನ್ನು ತಡವಾಗಿ ಕರೆದುದರಿಂದ ಎನ್ನುವುದು ಹೆಚ್ಚು ಸರಿ.

ಸ್ಥಳೀಯ ತಳಿಗಳ ಪ್ರಶ್ನೆಯೂ ಇದರೊಡನೆ ಹೆಣೆದುಕೊಂಡಿತ್ತು. ನಮ್ಮ ದೇಶವು ಬದನೆಯ ವೈವಿಧ್ಯಕ್ಕೆ ಹೆಸರಾದುದು. ರಾಜ್ಯದ ಸ್ಥಳೀಯ ಬದನೆ ತಳಿಗಳನ್ನು ಈ ಸಂಶೋಧನೆಗೆ ಬಳಸುವಾಗ ಜೀವವೈವಿಧ್ಯ ಕಾಯ್ದೆಯಂತೆ ಅನುಮತಿ ಪಡೆದಿಲ್ಲವೆಂದು ಬೆಂಗಳೂರಿನ ಸ್ವಯಂಸೇವಾ ಸಂಸ್ಥೆಯೊಂದು 2010ರಲ್ಲಿ ರಾಜ್ಯ ಜೀವವೈವಿಧ್ಯ ಮಂಡಳಿಗೆ ದೂರು ಸಲ್ಲಿಸಿತು. ಕೃಷಿ ವಿಶ್ವವಿದ್ಯಾಲಯವೂ ಸಂಶೋಧನೆಯ ಪಾಲುದಾರನಾಗಿದ್ದ ಈ ಪ್ರಕರಣ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಉಡುಪಿಯ ಮಟ್ಟು ಗ್ರಾಮದ ಗುಳ್ಳವನ್ನು ನೆನೆದರೆ ಇಂತಹ ಪ್ರಶ್ನೆಯ ತೂಕ ಅರಿವಾಗುತ್ತದೆ. ವಾದಿರಾಜರು ನೀಡಿದ ಬೀಜವೆಂಬ ನಂಬಿಕೆಯೊಡನೆ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ, 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ತಳಿ ಅದು. ಇಂತಹ ತಳಿಯ ಮೌಲ್ಯವನ್ನು ಕ್ವಿಂಟಾಲ್ ಲೆಕ್ಕದಲ್ಲಿ ಮಾತ್ರ ಅಳೆಯಲಾಗದು. ಅದರ ಮೇಲೆ ಸಂಶೋಧನೆ ನಡೆಸುವವರು ಮೊದಲು ಅದನ್ನು ಉಳಿಸಿಕೊಂಡು ಬಂದ ಊರಿನವರೊಡನೆ ಮಾತನಾಡಬೇಕಾದುದು ಧರ್ಮ.

ನೆರೆಯ ಬಾಂಗ್ಲಾದೇಶವು 2013ರಲ್ಲಿ ಬಿಟಿ ಬದನೆಗೆ ಅನುಮತಿ ನೀಡಿ, 2014ರ ಜನವರಿಯಲ್ಲಿ 20 ರೈತರಿಗೆ ಸಸಿ ವಿತರಿಸುವ ಮೂಲಕ ಆರಂಭಿಸಿತು. ತಳಿಗಳು ಸಾರ್ವಜನಿಕ ಸಂಸ್ಥೆಯವಾಗಿದ್ದು, ರೈತರು ಬೀಜ ಉಳಿಸಿಕೊಳ್ಳಬಹುದಾಗಿತ್ತು. ಕೀಟನಾಶಕದ ಬಳಕೆ ತಗ್ಗಿದುದನ್ನು ಅಲ್ಲಿನ ಅಧ್ಯಯನಗಳು ದಾಖಲಿಸಿವೆ. ತಡೆಯಿಂದ ನಮ್ಮ ರೈತರು ಲಾಭ ಕಳೆದುಕೊಂಡರೆಂದು ವಾದಿಸುವವರೂ ಇದ್ದಾರೆ. ಹಾಗಿದ್ದಲ್ಲಿ, ತಡವಾದ ಸಮಾಲೋಚನೆಯು ತಂತ್ರಜ್ಞಾನದ ಪರವಾಗಿರುವವರಿಗೂ ನಷ್ಟವನ್ನೇ ಉಂಟುಮಾಡಿತೆಂದು ಹೇಳಬೇಕಾಗುತ್ತದೆ.

ಭತ್ತ: ಮತ್ತೊಂದು ಅವಕಾಶ

2025ರ ಮೇ 4ರಂದು ಜೀನೋಮ್ ತಿದ್ದುಪಡಿ ಮಾಡಿದ ಎರಡು ಭತ್ತದ ತಳಿಗಳನ್ನು ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಪರವಾಗಿ ಕೇಂದ್ರ ಕೃಷಿ ಸಚಿವರು ಘೋಷಿಸಿದರು. ಮೊದಲನೆಯದು ಸಾಂಬಾ ಮಸೂರಿ, ಅಂದರೆ ಬಿಪಿಟಿ 5204, ತಳಿಯಿಂದ ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆ ರೂಪಿಸಿದ ಡಿಆರ್‌ಆರ್ ಧಾನ್ 100 ಅಥವಾ ಕಮಲಾ. ಇದು ಮೂಲ ತಳಿಗಿಂತ ಶೇ. 19ರಷ್ಟು ಹೆಚ್ಚು ಇಳುವರಿ ನೀಡಿ, ಸುಮಾರು 20 ದಿನ ಮೊದಲೇ ಕೊಯ್ಲಿಗೆ ಬರುತ್ತದೆಂದು ಪರಿಷತ್ತು ತಿಳಿಸಿದೆ. ಎರಡನೆಯದು ಎಂಟಿಯು 1010 ತಳಿಯಿಂದ ನವದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಪೂಸಾ ಡಿಎಸ್‌ಟಿ ರೈಸ್ 1. ಚೌಳು ಮತ್ತು ಬರವನ್ನು ತಾಳಿಕೊಳ್ಳುವ ಗುಣ ಇದರ ಉದ್ದೇಶ. ಬಿಪಿಟಿ 5204 ತಳಿಯನ್ನು ವ್ಯಾಪಕವಾಗಿ ಬೆಳೆಯುವ, ಚೌಳು ಮಣ್ಣಿನ ಸಮಸ್ಯೆಯನ್ನೂ ಎದುರಿಸುತ್ತಿರುವ ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಇವೆರಡೂ ನೇರ ಸಂಬಂಧಪಟ್ಟ ವಿಷಯಗಳು.

ಈ ತಳಿಗಳಲ್ಲಿ ಹೊರಗಿನ ಜೀವಿಯ ಜೀನ್ ಇರುವುದಿಲ್ಲ; ಸಸ್ಯದ ಸ್ವಂತ ಜೀನ್‌ನಲ್ಲೇ ತಿದ್ದುಪಡಿ ಮಾಡಲಾಗಿದೆ. ಈ ಕಾರಣದಿಂದ 2022ರ ಮಾರ್ಚ್ 30ರ ಅಧಿಸೂಚನೆಯು ಇಂತಹ ಸಸ್ಯಗಳಿಗೆ ಕುಲಾಂತರಿ ಬೆಳೆಗಳಿಗಿರುವ ಪ್ರಮುಖ ನಿಯಮಗಳಿಂದ ವಿನಾಯಿತಿ ನೀಡಿದೆ. ಸಂಶೋಧನೆಯು ವೇಗವಾಗಿ ರೈತರನ್ನು ತಲುಪಲು ಇದು ನೆರವಾಗುತ್ತದೆ. ಆದರೆ ಕುಲಾಂತರಿ ಬೆಳೆಗಳ ವಿಷಯದಲ್ಲಿ ಸಾರ್ವಜನಿಕರಿಗೆ ಪ್ರಶ್ನಿಸಲು ಸಿಗುತ್ತಿದ್ದ ಅನುಮೋದನಾ ಹಂತವೊಂದು ಇಲ್ಲಿ ಇಲ್ಲವಾಗಿದೆ. ಪ್ರಯೋಗದ ಅಂಕಿಅಂಶಗಳ ಬಗೆಗೆ ಕೆಲವು ಸಂಘಟನೆಗಳು ಪ್ರಶ್ನೆ ಎತ್ತಿದ್ದು, ಪರಿಷತ್ತು ಆ ಆರೋಪಗಳನ್ನು ನಿರಾಕರಿಸಿದೆ. ತಿದ್ದುಪಡಿಗೆ ಬಳಸಿದ ಕ್ರಿಸ್ಪರ್ ಸಾಧನದ ಮೇಲೆ ವಿದೇಶಿ ಸಂಸ್ಥೆಗಳ ಪೇಟೆಂಟ್ ಹಕ್ಕುಗಳಿರುವುದರಿಂದ ಬೀಜದ ಬೆಲೆ ಹಾಗೂ ಮರುಬಳಕೆಯ ಮೇಲೆ ಅದರ ಪರಿಣಾಮವೇನು ಎಂಬುದೂ ರೈತರ ಪ್ರಶ್ನೆಯಾಗಿದೆ. ಕೇಂದ್ರವಾರು ಪ್ರಯೋಗದ ಫಲಿತಾಂಶ ಮತ್ತು ಪರವಾನಗಿಯ ಷರತ್ತುಗಳನ್ನು ಕನ್ನಡದಲ್ಲಿ, ಬಿತ್ತನೆಗೆ ಮುನ್ನವೇ, ರೈತರ ಮುಂದಿಡುವುದೇ ಇಂತಹ ಅನುಮಾನಗಳಿಗೆ ಸರಿಯಾದ ಪರಿಹಾರ. ಕಾನೂನು ವಿನಾಯಿತಿ ನೀಡಿದೆಯೆಂದ ಮಾತ್ರಕ್ಕೆ ನೈತಿಕ ಹೊಣೆಯಿಂದಲೂ ವಿನಾಯಿತಿ ದೊರೆತಂತಾಗುವುದಿಲ್ಲ.

ಕಾನೂನಿನಲ್ಲಿರುವ ಆಸರೆ

ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ 39ನೇ ಪ್ರಕರಣದಂತೆ ರೈತರು ತಾವು ಬೆಳೆದ ಬೀಜವನ್ನು ಉಳಿಸಿಕೊಳ್ಳಬಹುದು, ಮರುಬಿತ್ತನೆ ಮಾಡಬಹುದು, ವಿನಿಮಯ ಮಾಡಿಕೊಳ್ಳಬಹುದು ಮತ್ತು ಮಾರಬಹುದು. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರಿನಲ್ಲಿ ಮಾತ್ರ ಮಾರುವಂತಿಲ್ಲ. ನೋಂದಾಯಿತ ತಳಿಯು ನಿಗದಿತ ಪರಿಸ್ಥಿತಿಯಲ್ಲಿ ನಿರೀಕ್ಷಿತ ಫಲ ನೀಡದಿದ್ದಲ್ಲಿ ಪರಿಹಾರ ಕೋರಲೂ ಇದೇ ಪ್ರಕರಣದಲ್ಲಿ ಅವಕಾಶವಿದೆ. ಜೀವವೈವಿಧ್ಯ ಕಾಯ್ದೆ, 2002ರಡಿ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ತನ್ನ ವ್ಯಾಪ್ತಿಯ ಸ್ಥಳೀಯ ತಳಿಗಳನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಮೂದಿಸುವುದು ಅದರ ಮುಖ್ಯ ಕೆಲಸ. ಸಮಿತಿಯು ಹೆಸರಿಗಷ್ಟೇ ಇರುವ ಗ್ರಾಮಗಳಲ್ಲಿ ತಳಿಯ ಮೇಲಿನ ಹಕ್ಕನ್ನು ಸಾಬೀತುಪಡಿಸುವುದು ಕಷ್ಟ. ಕೋಟೆ ಕೊಳ್ಳೆ ಹೋದ ಮೇಲೆ ಬಾಗಿಲು ಹಾಕಿದಂತಾಗದಿರಲು ದಾಖಲಾತಿ ಈಗಲೇ ಆಗಬೇಕು.

ಪ್ರಯೋಗಕ್ಕೆ ಹೊಲ ನೀಡುವ ರೈತ ಬಾಂಧವರ ಗಮನಕ್ಕೆ

ಸಂಸ್ಥೆ ಸರ್ಕಾರಿಯಾಗಿರಲಿ, ಖಾಸಗಿಯಾಗಿರಲಿ, ಕೆಳಗಿನ ಅಂಶಗಳನ್ನು ಬರವಣಿಗೆಯಲ್ಲಿ ಪಡೆದ ನಂತರವೇ ಒಪ್ಪಿಗೆ ನೀಡುವುದು ಕ್ಷೇಮಕರ.

• ತಳಿ ಅಥವಾ ಪರಿಕರದ ಹೆಸರು, ಅದು ಕುಲಾಂತರಿಯೇ, ಜೀನೋಮ್ ತಿದ್ದುಪಡಿಯದೇ ಅಥವಾ ಸಾಮಾನ್ಯವೇ ಎಂಬ ವಿವರ, ಹಾಗೂ ಅನುಮತಿ ಪತ್ರದ ಪ್ರತಿ.
• ಬೆಳೆ ವಿಫಲವಾದಲ್ಲಿ ಪರಿಹಾರ ಎಷ್ಟು, ಯಾರು, ಯಾವ ಅವಧಿಯೊಳಗೆ ನೀಡುತ್ತಾರೆ ಎಂಬುದು.
• ಫಸಲನ್ನು ಮಾರಬಹುದೇ, ಬೀಜ ಉಳಿಸಿಕೊಳ್ಳಬಹುದೇ ಅಥವಾ ನಾಶಪಡಿಸಬೇಕೇ ಎಂಬುದು.
• ಪಕ್ಕದ ಹೊಲಗಳಿಂದ ಕಾಪಾಡಬೇಕಾದ ಅಂತರ. ನೆರೆಯ ರೈತರಿಗೆ ವಿಷಯ ತಿಳಿಸುವ ಹೊಣೆ ಯಾರದೆಂಬುದು.
• ನಡುವೆಯೇ ಪ್ರಯೋಗದಿಂದ ಹಿಂದೆ ಸರಿಯುವ ಹಕ್ಕು ಮತ್ತು ಫಲಿತಾಂಶದ ಪ್ರತಿ ಪಡೆಯುವ ಹಕ್ಕು.

ವಿಸ್ತರಣಾ ಕಾರ್ಯಕರ್ತರ ಹೊಣೆ

ವಿಸ್ತರಣೆಯೆಂದರೆ ಪ್ರಯೋಗಾಲಯದ ಶಿಫಾರಸನ್ನು ಹಳ್ಳಿಗೆ ಒಯ್ಯುವುದು ಮಾತ್ರವೆಂಬ ತಿಳಿವಳಿಕೆ ಬದಲಾಗಬೇಕಿದೆ. ಹಳ್ಳಿಯ ಪ್ರಶ್ನೆಯನ್ನು ಪ್ರಯೋಗಾಲಯಕ್ಕೆ ಒಯ್ಯುವುದೂ ಅಷ್ಟೇ ಮುಖ್ಯವಾದ ಕರ್ತವ್ಯ. ಸಭೆಗಳಲ್ಲಿ ಹಾಜರಾತಿಯೊಡನೆ ರೈತರು ಕೇಳಿದ ಪ್ರಶ್ನೆಗಳನ್ನೂ ದಾಖಲಿಸಿ ಸಂಬಂಧಪಟ್ಟ ವಿಜ್ಞಾನಿಗಳಿಗೆ ತಲುಪಿಸಬೇಕು. ಬಂದ ಉತ್ತರವನ್ನು ಮುಂದಿನ ಸಭೆಯಲ್ಲಿ ಓದಿ ಹೇಳಬೇಕು. ಬೀಜ ಆಯ್ದು ಕಾಪಿಡುವ ಕೆಲಸ ಬಹುತೇಕ ಮನೆಗಳಲ್ಲಿ ಮಹಿಳೆಯರದೇ ಆದ್ದರಿಂದ, ಅವರಿಗೆ ಅನುಕೂಲವಾಗುವ ವೇಳೆ ಮತ್ತು ಸ್ಥಳದಲ್ಲಿ ಪ್ರತ್ಯೇಕವಾಗಿ ಮಾತನಾಡಬೇಕು. ಭೂಮಿ ಗುತ್ತಿಗೆಗೆ ಪಡೆದವರನ್ನೂ ಕೂಲಿ ಕಾರ್ಮಿಕರನ್ನೂ ಬಿಡಬಾರದು. ಕಳೆನಾಶಕ ನಿರೋಧಕ ಬೆಳೆಯೊಂದು ಬಂದರೆ ಮೊದಲು ಕೆಲಸ ಕಳೆದುಕೊಳ್ಳುವವರು ಕಳೆ ಕೀಳುವ ಮಹಿಳೆಯರು; ಅವರನ್ನು ಕೇಳದೆ ನಡೆಸಿದ ಸಮಾಲೋಚನೆ ಅಪೂರ್ಣ.

ಒಂದು ತಂತ್ರಜ್ಞಾನದ ಲಾಭವನ್ನು ಹೇಳುವಾಗ ಅದರ ಮಿತಿಯನ್ನೂ ಹೇಳಿದರೆ ರೈತರು ಹಿಂದೆ ಸರಿಯುತ್ತಾರೆಂಬ ಭಯ ಅನಗತ್ಯ. ಹತ್ತಿಯ ಅನುಭವವು ತೋರಿಸುವುದು ಇದರ ವಿರುದ್ಧವನ್ನೇ: ಮಿತಿಯನ್ನು ತಿಳಿಸದಿದ್ದಾಗ ಮೊದಲು ತಂತ್ರಜ್ಞಾನವೂ, ಅನಂತರ ಅದರ ಮೇಲಿನ ವಿಶ್ವಾಸವೂ ಕೈತಪ್ಪಿದವು. ರಾಷ್ಟ್ರೀಯ ನೀತಿಯ ಸಮಾಲೋಚನೆಗೆ ಆಹ್ವಾನ ಬಂದಾಗ ರೈತ ಉತ್ಪಾದಕ ಸಂಸ್ಥೆಗಳು, ಗ್ರಾಮ ಪಂಚಾಯಿತಿಗಳು ಮತ್ತು ರೈತ ಸಂಘಟನೆಗಳು ತಮ್ಮ ಅಭಿಪ್ರಾಯವನ್ನು ಲಿಖಿತವಾಗಿ ಸಲ್ಲಿಸಲು ಈಗಿನಿಂದಲೇ ಸಿದ್ಧತೆ ಮಾಡಿಕೊಳ್ಳುವುದು ಸೂಕ್ತ. ಹೆಚ್ಚಿನ ಮಾಹಿತಿಗಾಗಿ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.