ಗೋಡೆ ಕುಡಿದ ನೀರು

ನಗರಗಳಲ್ಲಿ ನೆಲದ ಬೆಲೆ ಏರಿದಂತೆಲ್ಲ ಮನೆ ಕಟ್ಟುವವರು ಮೇಲಕ್ಕೂ ಹೋದರು, ಕೆಳಕ್ಕೂ ಇಳಿದರು. ಬೆಂಗಳೂರಿನಲ್ಲಿ ಮೂವತ್ತು-ನಲವತ್ತರ ನಿವೇಶನದಲ್ಲೂ ನೆಲಮಾಳಿಗೆ ಕಾಣಸಿಗುತ್ತದೆ. ಮೊದಮೊದಲು ಅಲ್ಲಿ ಸ್ಕೂಟರು, ಮುರಿದ ಕುರ್ಚಿ, ಹಳೆಯ ಪತ್ರಿಕೆಗಳ ಕಟ್ಟು ಇರುತ್ತವೆ. ಮಗನೋ ಮಗಳೋ ಹತ್ತನೆಯ ತರಗತಿಗೆ ಬಂದೊಡನೆ, ‘ಮೇಲೆ ಟಿ.ವಿ. ಗಲಾಟೆ, ಕೆಳಗೆ ತಣ್ಣಗೆ ಕೂತು ಓದಲಿ’ ಎಂದು ಮೇಜು, ದೀಪ ಕೆಳಗಿಳಿಯುತ್ತವೆ. ಮಳೆಗಾಲ ಬಂದಾಗ ಗೋಡೆಯ ಮೇಲೆ ಯಾವುದೋ ದೇಶದ ಭೂಪಟ ಮೂಡುತ್ತದೆ. ಬಣ್ಣ ಉಬ್ಬುತ್ತದೆ, ಬೆರಳು ಸೋಕಿದರೆ ಉದುರುತ್ತದೆ. ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ.

ಆಗ ಅಪ್ಪ ಅಂಗಡಿಯಿಂದ ನೀರು ತಡೆಯುವ ಲೇಪದ ಡಬ್ಬಿಯೊಂದನ್ನು ತರುತ್ತಾರೆ. ವಾಟರ್‌ಪ್ರೂಫ್ ಸೀಲರ್ ಎಂದು ಅದಕ್ಕೆ ಹೆಸರು. ಬಳಿದ ವರ್ಷ ಗೋಡೆ ಫಳಫಳ. ಮರುವರ್ಷ ಅದೇ ಭೂಪಟ. ತಪ್ಪು ಡಬ್ಬಿಯದೇ, ಬಳಿದವನದೇ? ಎಷ್ಟೋ ಸಲ ಎರಡೂ ಅಲ್ಲ. ಗೋಡೆಗೆ ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನೇ ಯಾರೂ ಕೇಳಿರುವುದಿಲ್ಲ.

ಇಟ್ಟಿಗೆ, ಸಿಮೆಂಟ್, ಗಾರೆ ಇವೆಲ್ಲ ನೋಡಲು ಗಟ್ಟಿ; ಒಳಗೆ ಕೋಟಿಗಟ್ಟಲೆ ಸೂಕ್ಷ್ಮ ರಂಧ್ರಗಳು. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ದರ್ಜೆಯ ಸುಟ್ಟ ಇಟ್ಟಿಗೆಯನ್ನು 24 ಗಂಟೆ ತಣ್ಣೀರಿನಲ್ಲಿ ನೆನೆಸಿದರೆ ಅದು ತನ್ನ ತೂಕದ ಶೇ. 20ಕ್ಕಿಂತ ಹೆಚ್ಚು ನೀರು ಹೀರಬಾರದು. ಅಂದರೆ ಮೂರು ಕಿಲೊ ತೂಗುವ ಇಟ್ಟಿಗೆ 600 ಗ್ರಾಂ ನೀರು ಕುಡಿದರೂ ಅದು ಒಳ್ಳೆಯ ಇಟ್ಟಿಗೆಯೇ! ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಒಣ ಇಟ್ಟಿಗೆಯನ್ನು ಮೊದಲು ತೂಗಿ. ಒಂದು ದಿನ ನೆನೆಸಿ, ಹೊರಮೈ ಒರೆಸಿ ಮತ್ತೆ ತೂಗಿದರೆ ಲೆಕ್ಕ ಸಿಗುತ್ತದೆ.

ಈ ರಂಧ್ರಗಳಲ್ಲಿ ನೀರು ಮೇಲಕ್ಕೂ ಏರುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದು ಇದೇ ರೀತಿ. ಕೊಳವೆ ಸಣ್ಣದಾದಷ್ಟೂ ಏರುವ ಎತ್ತರ ಹೆಚ್ಚು. 1 ಮಿಲಿಮೀಟರ್ ವ್ಯಾಸದ ಗಾಜಿನ ಕೊಳವೆಯಲ್ಲಿ ನೀರು ಸುಮಾರು 3 ಸೆಂಟಿಮೀಟರ್ ಏರಿದರೆ, ಅದರ ಹತ್ತನೆಯ ಒಂದರಷ್ಟು ವ್ಯಾಸದ ಕೊಳವೆಯಲ್ಲಿ ಸುಮಾರು 30 ಸೆಂಟಿಮೀಟರ್ ಏರುತ್ತದೆ. ಹೀಗೆ ಬಂದ ನೀರು ಮಣ್ಣಿನ ಮತ್ತು ಗಾರೆಯ ಲವಣಗಳನ್ನು ಕರಗಿಸಿಕೊಂಡು ತರುತ್ತದೆ. ನೀರು ಆರಿಹೋದ ಮೇಲೆ ಲವಣ ಉಳಿಯುತ್ತದೆ. ಗೋಡೆಯ ಮೇಲಿನ ಬಿಳಿ ಪುಡಿ ಅದೇ. ಬಣ್ಣದ ಹಿಂದೆ ಈ ಲವಣ ಹರಳುಗಟ್ಟಿದಾಗ ಬಣ್ಣ ಹಪ್ಪಳದಂತೆ ಏಳುತ್ತದೆ.

ಗೋಡೆಯ ತೇವವೆಲ್ಲ ಹೊರಗಿನಿಂದಲೇ ಬಂದದ್ದು ಎನ್ನುವಂತಿಲ್ಲ. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವಂತೆ, ನೆಲದಡಿಯ ತಣ್ಣನೆಯ ಗೋಡೆಗೆ ಕೋಣೆಯ ತೇವದ ಗಾಳಿ ತಾಗಿದರೂ ನೀರು ಕೂರುತ್ತದೆ. ಯಾವುದು ನಿಜ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಗೋಡೆಯ ಒಂದು ಕಡೆ ಮೇಲ್ಮೈಯನ್ನು ಒರೆಸಿ ಆರಲು ಬಿಡಿ. ಒಂದೂವರೆ ಅಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ಅಲ್ಲಿಟ್ಟು ನಾಲ್ಕೂ ಅಂಚುಗಳಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹನಿಗಳು ಹಾಳೆಯ ಹಿಂದೆ, ಗೋಡೆಯ ಕಡೆ ಇದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಕೋಣೆಯ ಕಡೆಯ ಮೈ ಒದ್ದೆಯಾಗಿದ್ದರೆ ಅದು ಗಾಳಿಯ ತೇವ. ಇದಕ್ಕೆ ಲೇಪ ಮದ್ದಲ್ಲ. ಕಿಟಕಿ, ಗಾಳಿ ಹೊರದೂಡುವ ಫ್ಯಾನ್ ಬೇಕು. ಒದ್ದೆ ಬಟ್ಟೆಯನ್ನು ಅಲ್ಲಿ ಒಣಗಿಸುವುದು ನಿಲ್ಲಬೇಕು.

ನೀರು ಗೋಡೆಯಿಂದಲೇ ಬರುತ್ತಿದ್ದರೆ ಮೊದಲು ನೋಡಬೇಕಾದದ್ದು ಮನೆಯ ಹೊರಗೆ. ಸಾವಿರ ಚದರ ಅಡಿಯ ತಾರಸಿಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2,300 ಲೀಟರ್ ನೀರಾಗುತ್ತದೆ. ತಾರಸಿಯ ಪೈಪು ಗೋಡೆಯ ಬುಡದಲ್ಲೇ ಕೊನೆಗೊಂಡಿದ್ದರೆ ಅಷ್ಟೂ ನೀರು ನೆಲಮಾಳಿಗೆಯ ಬೆನ್ನಿಗೆ ಬಿತ್ತೆಂದೇ ಲೆಕ್ಕ. ಗೋಡೆಗೆ ಒತ್ತಿಕೊಂಡ ಹೂವಿನ ಪಾತಿ, ಮನೆಯ ಕಡೆಗೇ ಇಳಿಜಾರಾದ ಅಂಗಳ, ಬಿರುಕು ಬಿಟ್ಟ ಸಂಪು, ಒಡೆದ ಚರಂಡಿ ಪೈಪು ಎಲ್ಲವನ್ನೂ ಪರೀಕ್ಷಿಸಬೇಕು. ಇವನ್ನು ಸರಿಪಡಿಸುವುದರಿಂದಲೇ ಎಷ್ಟೋ ಗೋಡೆಗಳು ಒಣಗುತ್ತವೆ.

ಇಷ್ಟಾದ ಮೇಲೂ ಪಸೆ ಉಳಿದರೆ ಲೇಪದ ಸರದಿ. ಗೋಡೆಗೆ ಬಳಿಯುವ ಲೇಪಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸಿಲೇನ್, ಸಿಲಾಕ್ಸೇನ್ ಎಂಬ ರಾಸಾಯನಿಕಗಳ ತೆಳು ದ್ರವ ರಂಧ್ರಗಳನ್ನು ಮುಚ್ಚುವುದಿಲ್ಲ. ಅವುಗಳ ಒಳಮೈಗೆ ಅಂಟಿ, ಕೆಸುವಿನ ಎಲೆಯಂತೆ ನೀರು ಹತ್ತದ ಹಾಗೆ ಮಾಡುತ್ತದೆ. ಮಳೆಗೆ ಒಡ್ಡಿದ ಹೊರಗೋಡೆಗೆ ಇದು ಹೊಂದುತ್ತದೆ. ಒತ್ತಿ ಬರುವ ನೀರನ್ನು ತಡೆಯಲಾರದು. ನೆಲಮಾಳಿಗೆಯ ಒಳಗೋಡೆಗೆ ಬೇಕಾದದ್ದು ರಂಧ್ರಗಳನ್ನು ತುಂಬಿ ಗಟ್ಟಿಯಾಗುವ ಸಿಮೆಂಟ್ ಆಧಾರಿತ ಲೇಪ.

ಬಳಿಯುವಾಗ ಶ್ರಮವೆಲ್ಲ ಪೂರ್ವಸಿದ್ಧತೆಯದು. ಹಳೆಯ ಸುಣ್ಣ, ಡಿಸ್ಟೆಂಪರ್, ಬಣ್ಣವನ್ನು ಪೂರ್ತಿ ಕೆರೆದು ಗೋಡೆಯ ನಿಜಮೈ ಕಾಣಿಸಬೇಕು. ಬಣ್ಣದ ಮೇಲೆ ಬಳಿದ ಲೇಪ ಆ ಬಣ್ಣಕ್ಕೆ ಅಂಟುತ್ತದೆಯೇ ಹೊರತು ಗೋಡೆಗಲ್ಲ. ಬಿಳಿ ಪುಡಿಯನ್ನು ತಂತಿ ಬ್ರಷ್ಷಿನಿಂದ ಒಣಗಿದ್ದಾಗಲೇ ಉಜ್ಜಿ ಗುಡಿಸಿ ತೆಗೆಯಬೇಕು. ಈ ಧೂಳಿಗೆ ಮೂಗು, ಬಾಯಿ ಮುಚ್ಚಿಕೊಳ್ಳುವುದು ಅವಶ್ಯ, ಮಕ್ಕಳು ಹತ್ತಿರವಿರಬಾರದು. ಬಿರುಕುಗಳನ್ನು ಉಳಿಯಿಂದ ಒಳಗೆ ಅಗಲವಾಗುವಂತೆ ಕೊರೆದು, ಬೇಗ ಗಟ್ಟಿಯಾಗುವ ಸಿಮೆಂಟಿನಿಂದ ತುಂಬಬೇಕು. ಗೋಡೆ ಮತ್ತು ನೆಲ ಕೂಡುವ ಮೂಲೆಯನ್ನು ಮರೆಯಬಾರದು, ನೀರಿಗೆ ಪ್ರಿಯವಾದ ದಾರಿ ಅದು.

ಆಮೇಲೆ ಗೋಡೆಗೆ ನೀರು ಚಿಮುಕಿಸಿ. ಮೈ ತೇವವಾಗಿರಬೇಕು, ನೀರು ಇಳಿಯುತ್ತಿರಬಾರದು. ಬರಿಯ ಒಣ ಗೋಡೆ ಲೇಪದ ನೀರನ್ನೇ ಹೀರಿಬಿಟ್ಟರೆ ಸಿಮೆಂಟ್ ಗಟ್ಟಿಯಾಗುವುದಿಲ್ಲ. ಗಡುಸು ಕೂದಲಿನ ಬ್ರಷ್ಷಿನಿಂದ ರಂಧ್ರದೊಳಕ್ಕೆ ತಿಕ್ಕುತ್ತ ಮೊದಲ ಕೈ ಬಳಿಯಬೇಕು. ಅದು ಗಟ್ಟಿಯಾದ ಬಳಿಕ ಎರಡನೆಯದನ್ನು ಅಡ್ಡಡ್ಡಲಾಗಿ ಬಳಿದರೆ ಮೊದಲ ಕೈ ಬಿಟ್ಟ ಜಾಗಗಳು ಮುಚ್ಚುತ್ತವೆ. ಎಷ್ಟು ಹೊತ್ತು ಬಿಡಬೇಕು, ಎಷ್ಟು ದಿನ ನೀರುಣಿಸಬೇಕು ಎಂಬುದು ಡಬ್ಬಿಯ ಮೇಲಿರುತ್ತದೆ. ಅದನ್ನು ಓದಿ ಹೇಳುವ ಕೆಲಸ ಮಕ್ಕಳಿಗಿರಲಿ.

ಒಳಗಿನಿಂದ ಬಳಿದ ಲೇಪದ ಮಿತಿಯನ್ನೂ ತಿಳಿದಿರಬೇಕು. ಹೊರಗಿನ ಮಣ್ಣಿನಲ್ಲಿ ನೀರು ನಿಂತರೆ, ಅದರ ಮಟ್ಟದಿಂದ ಒಂದು ಮೀಟರ್ ಆಳದಲ್ಲಿ ಗೋಡೆಯ ಪ್ರತಿ ಚದರ ಮೀಟರಿಗೆ ಸುಮಾರು 1,000 ಕಿಲೊ ಭಾರದಷ್ಟು ಒತ್ತಡ. ಎರಡು ಮೀಟರ್ ಆಳದಲ್ಲಿ ಅದರ ಎರಡರಷ್ಟು. ಗೋಡೆಗೆ ಅಂಟಿಸಿದ ಕಾಗದವನ್ನು ಮುಂದಿನಿಂದ ಒತ್ತಿದರೆ ಇನ್ನಷ್ಟು ಅಂಟುತ್ತದೆ. ಹಿಂದಿನಿಂದ ತಳ್ಳಿದರೆ ಕಿತ್ತು ಬರುತ್ತದೆ. ಹೊರಮೈಗೆ ಹಚ್ಚಿದ ಲೇಪವನ್ನು ನೀರು ಗೋಡೆಗೇ ಒತ್ತುತ್ತದೆ, ಒಳಮೈಯದನ್ನು ಗೋಡೆಯಿಂದ ತಳ್ಳುತ್ತದೆ. ಆದ್ದರಿಂದ ಹೊಸದಾಗಿ ಕಟ್ಟುವವರು ಮಣ್ಣು ತುಂಬುವ ಮೊದಲೇ ಹೊರಮೈಗೆ ಲೇಪ ಹಾಕಿಸಿ, ನೀರು ಹರಿದುಹೋಗಲು ದಾರಿ ಮಾಡಿಸುವುದು ಜಾಣತನ. ಆಮೇಲೆ ಅಗೆಸುವ ಖರ್ಚು ಬಲು ದೊಡ್ಡದು.

ಇದು ಗೋಡೆಯ ಅಂದದ ಪ್ರಶ್ನೆ ಮಾತ್ರವಲ್ಲ. ತೇವ, ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ, ಆಸ್ತಮಾ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ದಿನಕ್ಕೆ ಆರು ಗಂಟೆ ಆ ಗಾಳಿಯಲ್ಲಿ ಕೂತು ಓದುವ ಮಗುವನ್ನು ನೆನೆಯಿರಿ. ಇನ್ನು ಪ್ರವಾಹದ ನೀರಿಗೆ ಯಾವ ಲೇಪವೂ ಉತ್ತರವಲ್ಲ. 2024ರ ಜುಲೈ 27ರಂದು ದೆಹಲಿಯ ಹಳೆ ರಾಜೇಂದ್ರ ನಗರದಲ್ಲಿ ತರಬೇತಿ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ, ಅಲ್ಲಿನ ಗ್ರಂಥಾಲಯದಲ್ಲಿದ್ದ ಮೂವರು ವಿದ್ಯಾರ್ಥಿಗಳು ಮುಳುಗಿ ಸತ್ತರು. ರಸ್ತೆಯ ನೀರು ಮೆಟ್ಟಿಲಿಳಿದು ಬರುವಂತಿದ್ದರೆ, ಹೊರಹೋಗಲು ಒಂದೇ ಬಾಗಿಲಿದ್ದರೆ, ಆ ಕೋಣೆ ಸ್ಕೂಟರಿಗೇ ಇರಲಿ, ಓದುವ ಮೇಜು ಮೇಲಕ್ಕೆ ಬರಲಿ.

ಉಳಿದವರು ಡಬ್ಬಿ ಕೊಳ್ಳುವ ಮೊದಲು ಒಂದು ಕೆಲಸ ಮಾಡಬಹುದು. ಮುಂದಿನ ಮಳೆ ಜೋರಾಗಿ ಸುರಿದು ಕೊಂಚ ಕಡಿಮೆಯಾದಾಗ ಕೊಡೆ ಹಿಡಿದು ಮಕ್ಕಳೊಡನೆ ಮನೆಯ ಸುತ್ತ ಒಂದು ಸುತ್ತು ಬನ್ನಿ. ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಕಡೆ ಹರಿಯುತ್ತದೆ ಎಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ಗೋಡೆಯ ಮೇಲಿನ ಭೂಪಟವನ್ನು ಅಳಿಸಲು ಮೊದಲು ಬೇಕಾದದ್ದು ಅಂಗಳದ ಈ ಭೂಪಟ.