ಲಾರಿಯ ಕೊರಳು

ಮಳೆಗಾಲದ ರಾತ್ರಿಯಲ್ಲಿ ಶಿರಾಡಿ ಘಟ್ಟವನ್ನು ದಾಟಿದವರಿಗೆ ಲಾರಿಯ ಹಾರ್ನಿನ ಬೆಲೆ ತಿಳಿಯದೆ ಇರದು. ಸಕಲೇಶಪುರವನ್ನು ಬಿಟ್ಟು ಪಡುವಣ ಕಡಲಿನತ್ತ ಇಳಿಯುವ ಆ ದಾರಿಯಲ್ಲಿ ಮಂಜು ಕವಿದಾಗ, ದೀಪದ ಬೆಳಕು ನಾಲ್ಕು ಮಾರು ಮುಂದೆ ಹೋಗಿ ಅಲ್ಲಿಯೇ ಮಡುಗಟ್ಟಿ ನಿಲ್ಲುತ್ತದೆ. ತಿರುವಿನ ಆಚೆ ಏನಿದೆಯೆಂಬುದನ್ನು ಕಣ್ಣು ಹೇಳಲಾರದು. ಬೆಟ್ಟದ ಮಗ್ಗುಲನ್ನು ಬಳಸಿಕೊಂಡು ಮುಂದಾಗಿ ಹೋಗಬಲ್ಲುದು ಧ್ವನಿಯೊಂದೇ. ಟನ್ನುಗಟ್ಟಲೆ ಹೊರೆ ಹೊತ್ತ ವಾಹನದ ಚಾಲಕನು ತನ್ನ ಹಾರ್ನು ಕ್ಷೀಣವಾಯಿತೆಂದು ಪೇಚಾಡಿದರೆ ಅದನ್ನು ಆಡಂಬರದ ಆಸೆಯೆಂದು ನಗುವಂತಿಲ್ಲ.

ಆ ಪೇಚಾಟಕ್ಕೆ ಮದ್ದು ಎರಡು ಬಗೆ. ಅಂಗಡಿಗೆ ಹೋಗಿ ಕಿವಿ ಹರಿಯುವಂಥ ಹೊಸ ಕಹಳೆಯನ್ನು ತರುವುದು ಒಂದು. ಕಾರ್ಖಾನೆಯವರು ಕೊಟ್ಟ ಹಾರ್ನಿಗೆ ಕಳೆದುಹೋದ ಸ್ವರವನ್ನು ಮರಳಿ ತಂದುಕೊಡುವುದು ಇನ್ನೊಂದು. ಮೊದಲನೆಯದು ಸುಲಭ, ಎರಡನೆಯದು ಅಗ್ಗ. ಅಗ್ಗವಾದುದೇ ಇಲ್ಲಿ ಉತ್ತಮವೂ ಆಗಿರುವುದು ಲೋಕದಲ್ಲಿ ಅಪರೂಪಕ್ಕೆ ಕಾಣುವ ಸಂಗತಿ.

ಹಾರ್ನಿನ ಒಳಗುಟ್ಟು ಬಹಳ ಸರಳವಾದುದು. ಒಂದು ಪುಟ್ಟ ಡಬ್ಬಿ, ಅದರ ಬಾಯಿಗೆ ಬಿಗಿದ ಉಕ್ಕಿನ ತೆಳುತಗಡು, ತಗಡಿನ ಹಿಂದೆ ಒಂದು ವಿದ್ಯುತ್ಕಾಂತ. ಗುಂಡಿಯನ್ನು ಒತ್ತಿದೊಡನೆ ಕಾಂತವು ತಗಡನ್ನು ಸೆಳೆಯುತ್ತದೆ. ಸೆಳೆದ ಕ್ಷಣವೇ ಒಳಗಿನ ಸಂಪರ್ಕ ಕಡಿದು ಕಾಂತದ ಬಲ ಉಡುಗುತ್ತದೆ. ತಗಡು ಹಿಂದಕ್ಕೆ ಚಿಮ್ಮುತ್ತದೆ. ಸಂಪರ್ಕ ಮತ್ತೆ ಕೂಡುತ್ತದೆ. ಸೆಕೆಂಡಿಗೆ ನೂರಾರು ಬಾರಿ ನಡೆಯುವ ಈ ಎಳೆದಾಟವೇ ಬೀದಿಯಲ್ಲಿ ನಮ್ಮನ್ನು ಬೆಚ್ಚಿಬೀಳಿಸುವ ಧ್ವನಿ. ಇದರ ಹಿರಿಯಣ್ಣನಂತಿದ್ದ ‘ಕ್ಲಾಕ್ಸನ್’ ಹಾರ್ನು 1908ರ ಸುಮಾರಿಗೆ ಅಮೆರಿಕದಲ್ಲಿ ಬಳಕೆಗೆ ಬಂದಿತು. ಅದನ್ನು ನಿರ್ಮಿಸಿದ ಮಿಲ್ಲರ್ ರೀಸ್ ಹಚಿಸನ್ ಅದಕ್ಕೂ ಮುಂಚೆ ಕಿವುಡರಿಗಾಗಿ ವಿದ್ಯುತ್ ಶ್ರವಣಯಂತ್ರವನ್ನು ರಚಿಸಿದವನು. ಶ್ರವಣಯಂತ್ರಕ್ಕೆ ಗಿರಾಕಿಗಳು ಹೆಚ್ಚಲೆಂದೇ ಆತ ಹಾರ್ನನ್ನು ಮಾಡಿದನೆಂಬ ವಿನೋದ ಇಂದಿಗೂ ಹೇಳಿಕೆಯಲ್ಲಿದೆ. ಆ ವಿನೋದದಲ್ಲಿ ಒಂದು ಮುಳ್ಳೂ ಇದೆ ಎಂಬುದನ್ನು ಮುಂದೆ ನೋಡಬಹುದು.

“ಹಾರ್ನು ಸತ್ತೇಹೋಗಿದೆ ಅಣ್ಣಾ, ಹೊಸದು ಹಾಕಿಬಿಡಿ” ಎಂದು ಎಳೆಯ ಚಾಲಕನು ಬಂದು ನಿಂತರೆ, ಪಳಗಿದ ಮೇಸ್ತ್ರಿ ಮೊದಲು ತಂತಿಯ ಜಾಡನ್ನು ಹಿಡಿಯುತ್ತಾನೆ. “ಸತ್ತಿಲ್ಲ ಕಣಪ್ಪಾ, ಹಸಿದಿದೆ” ಎನ್ನುತ್ತಾನೆ.

ಆ ಮಾತು ಲೆಕ್ಕಕ್ಕೂ ಸರಿಹೋಗುತ್ತದೆ. ಭಾರಿ ಲಾರಿಗಳಲ್ಲಿ ಸಾಮಾನ್ಯವಾಗಿ 24 ವೋಲ್ಟಿನ ವಿದ್ಯುತ್ ವ್ಯವಸ್ಥೆ ಇರುತ್ತದೆ. ಜೋಡಿ ಹಾರ್ನುಗಳು ಕೂಡಿ 8 ಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತವೆಂದೂ, ಸವೆದ ಗುಂಡಿ, ತೆಳ್ಳನೆಯ ಹಳೆಯ ತಂತಿ, ಕಿಲುಬು ಹಿಡಿದ ಕೊಂಡಿಗಳು ಸೇರಿ ದಾರಿಯಲ್ಲಿ ಕೇವಲ ಅರ್ಧ ಓಮ್ ತಡೆಯನ್ನು ಒಡ್ಡುತ್ತವೆಂದೂ ಭಾವಿಸೋಣ. ಆಗ 4 ವೋಲ್ಟು ದಾರಿಯಲ್ಲಿಯೇ ಸೋರಿಹೋಗಿ, ಹಾರ್ನಿಗೆ ದಕ್ಕುವುದು 20 ವೋಲ್ಟು ಮಾತ್ರ. ಅರೆಹೊಟ್ಟೆ ಉಂಡವನ ಕೂಗು ಹೇಗಿದ್ದೀತು?

ಆದುದರಿಂದ ಚಿಕಿತ್ಸೆಯು ಮನೆಯಂಗಳದಲ್ಲಿಯೇ ಆರಂಭವಾಗಬಹುದು. ಮೊದಲು ಎರಡು ಹಾರ್ನುಗಳೂ ನುಡಿಯುತ್ತಿವೆಯೆ ಎಂದು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಜೋಡಿಯಲ್ಲಿ ಒಂದು ಮೂಕವಾಗಿದ್ದರೂ ಇನ್ನೊಂದರ ಸದ್ದಿನಲ್ಲಿ ಅದು ಮರೆಯಾಗಿರುವುದುಂಟು. ಅನಂತರ ಬ್ಯಾಟರಿಯ ಅರ್ಥ್ ತಂತಿಯನ್ನು ಕಳಚಿಟ್ಟು, ಹಾರ್ನಿನ ಕೊಂಡಿಗಳನ್ನೂ ಅದು ಚಾಸಿಗೆ ಕೂಡುವ ಜಾಗವನ್ನೂ ಮರಳುಕಾಗದದಿಂದ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ, ಬಿಗಿಯಾಗಿ ಕೂಡಿಸಿ, ಮೇಲೆ ತೆಳುವಾಗಿ ಗ್ರೀಸು ಸವರಬೇಕು. ಎಷ್ಟೋ ಹಾರ್ನುಗಳ ರೋಗ ಇಷ್ಟಕ್ಕೇ ವಾಸಿಯಾಗುತ್ತದೆ.

ವಾಸಿಯಾಗದಿದ್ದರೆ ಮುಂದಿನ ಮದ್ದು ರಿಲೇ. ಇದು ಸಣ್ಣ ವಿದ್ಯುತ್ತಿನ ಅಪ್ಪಣೆಯಂತೆ ದೊಡ್ಡ ವಿದ್ಯುತ್ತಿನ ಬಾಗಿಲನ್ನು ತೆರೆಯುವ ದ್ವಾರಪಾಲಕ. ಇದನ್ನು ಅಳವಡಿಸಿದರೆ ಹಾರ್ನಿನ ಆಹಾರವೆಲ್ಲ ಗುಂಡಿಯ ಮೂಲಕ ಸುತ್ತಿಕೊಂಡು ಬರಬೇಕಾಗಿಲ್ಲ. ಬ್ಯಾಟರಿಯಿಂದ ದಪ್ಪ ತಂತಿಯಲ್ಲಿ ನೇರವಾಗಿ ಬರುತ್ತದೆ. ರಿಲೇಯ ಮೇಲೆ 30 ಎಂದು ಗುರುತಿಸಿದ ಕೊಂಡಿಗೆ ಫ್ಯೂಸಿನ ಮೂಲಕ ಬ್ಯಾಟರಿಯ ತಂತಿ, 87ಕ್ಕೆ ಹಾರ್ನಿನ ತಂತಿ; 85 ಮತ್ತು 86 ಎಂಬವು ಗುಂಡಿಯ ಅಪ್ಪಣೆಗೆ. ಫ್ಯೂಸು ಬ್ಯಾಟರಿಯ ಸಮೀಪದಲ್ಲಿಯೇ ಇರಬೇಕು. ಇಲ್ಲವಾದರೆ ತಂತಿ ಎಲ್ಲಿಯಾದರೂ ಉಜ್ಜಿ ಕಬ್ಬಿಣಕ್ಕೆ ತಾಗಿದ ದಿನ ಬೆಂಕಿಯೇ ಹತ್ತೀತು. ಲಾರಿಯದು 24 ವೋಲ್ಟಾದರೆ ರಿಲೇಯೂ 24 ವೋಲ್ಟಿನದೇ ಆಗಬೇಕು. ಮನೆಯ ಮುಂದೆ ನಿಂತಿರುವ ಕಾರಿಗೂ ಇದೇ ನ್ಯಾಯ. ಅಲ್ಲಿ 12 ವೋಲ್ಟು ಎಂಬುದಷ್ಟೇ ಭೇದ. ಹಲವು ಹೊಸ ವಾಹನಗಳಲ್ಲಿ ರಿಲೇ ಮೊದಲೇ ಇರುತ್ತದೆ. ಅದಿದೆಯೇ ಎಂದು ನೋಡಿಕೊಂಡೇ ಕೈಹಾಕುವುದು ಜಾಣತನ.

ಹಾರ್ನಿನ ಬಾಯಿ ಎತ್ತ ನೋಡುತ್ತಿದೆಯೆಂಬುದೂ ಮುಖ್ಯವೇ. ಬಂಪರಿನ ಬೆನ್ನಿಗೆ ಅಂಟಿಕೊಂಡು ಕೆಸರು ಮೆತ್ತಿಸಿಕೊಂಡ ಹಾರ್ನು ತನ್ನ ಮಾತನ್ನು ತಾನೇ ನುಂಗುತ್ತದೆ. ಅದನ್ನು ಬಯಲಿಗೆ ತಂದು, ಮುಂದಕ್ಕೆ ಮುಖಮಾಡಿ, ನೀರು ನಿಲ್ಲದಂತೆ ತುಸು ಕೆಳಕ್ಕೆ ಬಾಗಿಸಿ ಕೂಡಿಸಬೇಕು. ಕೆಲವು ಹಾರ್ನುಗಳ ಬೆನ್ನಿನಲ್ಲಿ ಶ್ರುತಿ ಕೂಡಿಸುವ ತಿರುಪೊಂದಿರುತ್ತದೆ. ಅದನ್ನು ಕಾಲು ಸುತ್ತಿಗಿಂತಲೂ ಕಡಿಮೆ, ಸ್ವಲ್ಪಸ್ವಲ್ಪವೇ ತಿರುಗಿಸಿ, ಸ್ವರ ತಿಳಿಯಾದ ಕಡೆ ನಿಲ್ಲಿಸಬೇಕು. ವೀಣೆಯ ಬಿರಡೆಯಂತೆ ಇದಕ್ಕೂ ಬಲಕ್ಕಿಂತ ಕಿವಿ ಬೇಕು.

ಇಷ್ಟಕ್ಕೆ ತೃಪ್ತಿಯಿಲ್ಲದವರು ಗಾಳಿಯ ಹಾರ್ನಿಗೆ ಮನಸೋಲುತ್ತಾರೆ. ಲಾರಿಯ ಬ್ರೇಕಿಗಾಗಿ ಗಾಳಿಯನ್ನು ಒತ್ತಿ ತುಂಬಿಟ್ಟ ತೊಟ್ಟಿ ಹೇಗೂ ಉಂಟು. ಅದಕ್ಕೊಂದು ಕೊಳವೆ ಸಿಕ್ಕಿಸಿದರಾಯಿತೆಂದು ಎಣಿಸುತ್ತಾರೆ. ಇದಕ್ಕಿಂತ ಅನಾಹುತವಾದ ಮಿತವ್ಯಯ ಬೇರೊಂದಿಲ್ಲ. ಒತ್ತಡವನ್ನು ಕಾಯುವ ಕವಾಟವಿಲ್ಲದೆ ಹಾಗೆ ಸೇರಿಸಿದ ಕೊಳವೆ ಸೋರಿದರೆ, ಬರಿದಾಗುವುದು ಬ್ರೇಕಿನ ಉಸಿರು. ಘಟ್ಟದ ಇಳಿಜಾರಿನಲ್ಲಿ ಗರ್ಜನೆ ಇದ್ದು ತಡೆ ಇಲ್ಲವಾದರೆ, ಆ ಗರ್ಜನೆ ಯಾರನ್ನು ಕಾಪಾಡೀತು?

ಸದ್ದನ್ನು ಹೆಚ್ಚಿಸುವುದರಿಂದ ದೊರೆಯುವ ಲಾಭವೂ ತೋರುವಷ್ಟು ದೊಡ್ಡದಲ್ಲ. ಬಯಲಿನಲ್ಲಿ ದೂರ ಇಮ್ಮಡಿಯಾದಾಗ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ಅದನ್ನು ತುಂಬಿಕೊಡಲು ಧ್ವನಿಯ ಶಕ್ತಿ ನಾಲ್ಮಡಿಯಾಗಬೇಕು. ಅತ್ತ ಗಂಟೆಗೆ 60 ಕಿಲೋಮೀಟರಿನಂತೆ ಓಡುವ ಲಾರಿ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಸಾಗಿರುತ್ತದೆ. ತಿರುವಿಗೆ ಮುಂಚೆ ವೇಗವನ್ನು ಅರ್ಧಕ್ಕೆ ಇಳಿಸಿದ ಚಾಲಕನು ಎದುರಿನವನಿಗೆ ಕೊಡುವ ಸಮಯವನ್ನು ಯಾವ ಕಹಳೆಯೂ ಕೊಡಲಾರದು.

ಇನ್ನು ವಿನೋದದೊಳಗಿನ ಮುಳ್ಳು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಹಾಕಿಕೊಟ್ಟ ಮಿತಿಯಂತೆ, 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ದುಡಿಯಬಹುದು. ಸದ್ದು 100ಕ್ಕೆ ಏರಿದರೆ 15 ನಿಮಿಷ ಮಾತ್ರ. ಹಾರ್ನಿಗೆ ಎಲ್ಲರಿಗಿಂತ ಹೆಚ್ಚಾಗಿ ಕಿವಿಯೊಡ್ಡುವವರು ಚಾಲಕನೂ ಅವನ ಮಗ್ಗುಲಲ್ಲಿ ಕುಳಿತ ಎಳೆಯ ಕ್ಲೀನರನೂ ಅಲ್ಲವೆ? ಕಿವಿ ಮಂದವಾದಷ್ಟೂ ಹಾರ್ನು ಸಣ್ಣದೆಂದು ತೋರುತ್ತದೆ. ಸಣ್ಣದೆಂದು ತೋರಿದಷ್ಟೂ ದೊಡ್ಡದನ್ನು ಹಾಕುವ ಮನಸ್ಸಾಗುತ್ತದೆ.

ಕಾನೂನೂ ಈ ಮಾತನ್ನು ಮರೆತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಲವು ಸ್ವರಗಳನ್ನು ಸಾಲಾಗಿ ಹೊರಡಿಸುವ ಹಾರ್ನನ್ನೂ, ಕರ್ಕಶವಾಗಿ ಚೀರಿ ಬೆದರಿಸುವ ಸಾಧನವನ್ನೂ ಸಾಮಾನ್ಯ ವಾಹನಗಳಿಗೆ ನಿಷೇಧಿಸಿವೆ. 2000ದ ಶಬ್ದಮಾಲಿನ್ಯ ನಿಯಮಗಳಿಗೆ 2010ರಲ್ಲಿ ಮಾಡಿದ ತಿದ್ದುಪಡಿಯು, ಸಾರ್ವಜನಿಕ ತುರ್ತಿನ ಹೊರತು, ನಿಶ್ಶಬ್ದ ವಲಯಗಳಲ್ಲಿಯೂ ರಾತ್ರಿಯ ವೇಳೆ ವಸತಿ ಪ್ರದೇಶಗಳಲ್ಲಿಯೂ ಹಾರ್ನನ್ನು ತಡೆದಿದೆ. ಅನಗತ್ಯವಾಗಿ ಹಾರ್ನು ಬಾರಿಸಿದವನಿಗೆ 2019ರ ತಿದ್ದುಪಡಿಯಂತೆ ಮೊದಲ ಬಾರಿ 1,000 ರೂಪಾಯಿ, ಮತ್ತೆ ತಪ್ಪಿದರೆ 2,000 ರೂಪಾಯಿ ದಂಡ.

ದಂಡದ ಭಯಕ್ಕಿಂತಲೂ ದೊಡ್ಡ ಕಾರಣವೊಂದಿದೆ. ‘ತೋಳ ಬಂತು ತೋಳ’ ಎಂದು ದಿನವೂ ಕೂಗಿದ ಹುಡುಗನ ಕೂಗನ್ನು, ತೋಳ ಬಂದ ದಿನ ಯಾರೂ ಲೆಕ್ಕಿಸಲಿಲ್ಲ. ಪೇಟೆಯ ನಡುವೆ ಇಡೀ ದಿನ ಕಿರುಚಿದ ಹಾರ್ನಿಗೂ ಅದೇ ಗತಿ. ಕಿಲುಬು ತೊಳೆದು, ಹೊಟ್ಟೆ ತುಂಬಿಸಿ, ಶ್ರುತಿ ಕೂಡಿಸಿಟ್ಟ ಕಾರ್ಖಾನೆಯ ಹಾರ್ನು ಊರೊಳಗೆ ಮೌನವಾಗಿದ್ದು, ಘಟ್ಟದ ಮಂಜಿನಲ್ಲಿ ಒಂದೇ ಬಾರಿ ತಿಳಿಯಾಗಿ ನುಡಿಯಲಿ. ಎದುರಿನಿಂದ ಏರಿ ಬರುವವನು ಕಾಲನ್ನು ಬ್ರೇಕಿನ ಮೇಲಿಡಲು ಅಷ್ಟು ಸಾಕು.